ಇಟ್ಟಿಗೆ ಖರೀದಿಯಲ್ಲಿ ಜೀತ ಪತ್ತೆ ಹಚ್ಚುವುದು: ನನ್ನ ಅನುಭವ

'ನಮ್ಮ ಇಟ್ಟಿಗೆ ಗೂಡಿನಲ್ಲಿ ಜೀತದಾಳುಗಳಿಲ್ಲ' ಎಂದು ಛಾಪಾ ಕಾಗದದ ಮೇಲೆ ಬರೆಸಿಕೊಂಡು ಫೈಲಿಗೆ ಸೇರಿಸುವುದು ದಂಡ. ಸಹಿ ಹಾಕದ ಮಾಲೀಕನನ್ನು ನಾನಿನ್ನೂ ನೋಡಿಲ್ಲ. ಬೆಂಗಳೂರಿನ ಕಟ್ಟಡಗಳಿಗೆ ಆನೇಕಲ್, ಹೊಸಕೋಟೆ, ಮಾಲೂರು ಕಡೆಯಿಂದ ಇಟ್ಟಿಗೆ ಕೊಳ್ಳುವಾಗ ನಾವು ಮೊದಲು ಕೇಳುವುದು ಮುಂಗಡದ ಪುಸ್ತಕವನ್ನು, ಅಂದರೆ ಆಳುಗಳಿಗೆ ಸಾಲವಾಗಿ ಕೊಟ್ಟ ಮುಂಗಡದ ಲೆಕ್ಕ ಬರೆದಿಡುವ ಪುಸ್ತಕವನ್ನು.

ಅದಕ್ಕೂ ಮುಂಚೆ ಇಟ್ಟಿಗೆ ಯಾವ ಗೂಡಿನದು ಎಂದು ಗೊತ್ತಾಗಬೇಕು. ಬಿಲ್ಲಿನಲ್ಲಿ ಸಾಮಾನ್ಯವಾಗಿ ಡೀಲರ್ ಹೆಸರಷ್ಟೇ ಇರುತ್ತದೆ. ಸರಕು ಸಾಗಿಸಲು ಜಿಎಸ್‌ಟಿಯಡಿ ಪಡೆಯುವ ಇ-ವೇ ಬಿಲ್ ನಂಬಿಕೊಂಡರೆ ಆಗದು. 50,000 ರೂಪಾಯಿ ದಾಟದ ಸರಕಿಗೆ ಅದು ಕಡ್ಡಾಯವಲ್ಲ, ಒಂದು ಲಾರಿ ಇಟ್ಟಿಗೆ ಎಷ್ಟೋ ಸಲ ಅದರೊಳಗೇ ನಿಲ್ಲುತ್ತದೆ. ಆದ್ದರಿಂದ ಲೋಡಿನಿಂದ ಐದಾರು ಇಟ್ಟಿಗೆ ತೆಗೆದು ಮೈಮೇಲಿನ ಅಚ್ಚಿನ ಅಕ್ಷರ ನೋಡುತ್ತೇವೆ, ಎಲ್ಲಿ ತುಂಬಿಸಿದೆ ಎಂದು ಚಾಲಕನ ಟ್ರಿಪ್ ಶೀಟಿನಿಂದ ಬರೆದುಕೊಳ್ಳುತ್ತೇವೆ. ಒಂದೇ ಲೋಡಿನಲ್ಲಿ ಎರಡು ಅಚ್ಚು ಸಿಕ್ಕರೆ ಡೀಲರ್ ನಮಗೆ ಹೇಳದ ಇನ್ನೊಂದು ಗೂಡಿದೆ ಎಂದರ್ಥ. ಅಲ್ಲಿಗೂ ಹೋಗಬೇಕು.

ಹೋಗುವ ಕಾಲ ಮುಖ್ಯ. ಮಳೆಗಾಲದಲ್ಲಿ ಹೋದರೆ ಖಾಲಿ ಶೆಡ್ಡು ನೋಡಿ ಬರಬೇಕಾಗುತ್ತದೆ. ಕೊಯ್ಲು, ಅಂದರೆ ಹಸಿ ಇಟ್ಟಿಗೆ ಅಚ್ಚು ಹಾಕುವ ಕೆಲಸ, ಮಳೆ ನಿಂತ ಮೇಲೆ ಶುರುವಾಗಿ ಮೇ ತಿಂಗಳವರೆಗೆ ನಡೆಯುತ್ತದೆ. ಆಳುಗಳು ಬಂದ ಹದಿನೈದು ದಿನದೊಳಗೆ ಒಮ್ಮೆ, ಫೆಬ್ರವರಿ ಹೊತ್ತಿಗೆ ಒಮ್ಮೆ, ಲೆಕ್ಕ ಚುಕ್ತಾ ಆಗುವ ವಾರ ಮತ್ತೊಮ್ಮೆ ಹೋಗುತ್ತೇವೆ. ಮಧ್ಯದ ಭೇಟಿ ಸಂತೆಯ ದಿನವೇ ಆಗಬೇಕು. ಗಂಡ ಸಂತೆಗೆ ಹೋಗಿ, ಹೆಂಡತಿ ಮಕ್ಕಳು ಗೂಡಿನಲ್ಲೇ ಉಳಿದಿದ್ದರೆ, ಅದೂ ಸಾಲು ಸಾಲು ಗುಡಿಸಲುಗಳಲ್ಲಿ ಹಾಗೇ ಇದ್ದರೆ, ಅದು ಕಾಕತಾಳೀಯ ಅಲ್ಲ. ಮನೆಯವರನ್ನು ಒತ್ತೆ ಇಟ್ಟುಕೊಂಡಿದ್ದಾರೆ.

ಇನ್ನು ಪುಸ್ತಕ. ಉದ್ದನೆಯ ನೋಟ್‌ಬುಕ್, ಮೇಲ್ಗಡೆ ಮನೆ ಯಜಮಾನನ ಹೆಸರು, ಅದರ ಕೆಳಗೆ ಮೇಸ್ತ್ರಿ (ಊರಿಂದ ಆಳುಗಳನ್ನು ಕರೆತರುವವನು) ಕೈಯಲ್ಲಿ ಕೊಟ್ಟ ಮುಂಗಡ, ಪಕ್ಕದಲ್ಲಿ ವಾರದ ಖರ್ಚಿ, ಅಂದರೆ ಮನೆ ಖರ್ಚಿಗೆ ಕೊಟ್ಟ ಹಣ, ಕೊಯ್ದ ಇಟ್ಟಿಗೆ ಸಾವಿರದ ಲೆಕ್ಕದಲ್ಲಿ. ಹೆಂಡತಿಯ ಹೆಸರು ಎಲ್ಲೂ ಇರುವುದಿಲ್ಲ, ಮಣ್ಣು ತುಳಿದು ಕಲಸುವುದು, ಹಸಿ ಇಟ್ಟಿಗೆ ತಿರುವಿ ಒಣಗಿಸುವುದು ಮಾತ್ರ ಅವಳೇ. ಆಕೆಯ ದುಡಿಮೆಯೂ ಗಂಡನ ಸಾಲಕ್ಕೇ ಜಮೆ. ಹಾಗಾಗಿ ನಾವು ಕೂಲಿಯನ್ನು ತಲೆಯ ಮೇಲೆ ಹಂಚಿ ನೋಡುತ್ತೇವೆ. ಲೆಕ್ಕ ಸುಲಭವಾಗಲೆಂದು ಇಬ್ಬರು ಸೇರಿ ದಿನಕ್ಕೆ 1,000 ಇಟ್ಟಿಗೆ ಕೊಯ್ಯುತ್ತಾರೆ, ಕನಿಷ್ಠ ಕೂಲಿ ತಲೆಗೆ 500 ರೂಪಾಯಿ ಎಂದಿಟ್ಟುಕೊಳ್ಳಿ. ಸಾವಿರಕ್ಕೆ 1,000 ರೂಪಾಯಿ ಬೀಳಬೇಕು. ಪುಸ್ತಕದಲ್ಲಿ 600 ಇದ್ದರೆ 400 ಕಮ್ಮಿ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದು ಸುಪ್ರೀಂ ಕೋರ್ಟ್ 1982ರಲ್ಲೇ, ದಿಲ್ಲಿಯ ಏಷ್ಯನ್ ಕ್ರೀಡಾಕೂಟದ (ಏಷ್ಯಾಡ್) ಕಾಮಗಾರಿಯ ಪ್ರಕರಣದಲ್ಲಿ ಹೇಳಿದೆ.

ಕಡಿತದ ಸಾಲುಗಳನ್ನು ಬೆರಳಿಟ್ಟು ಓದಬೇಕು. ಒಡೆದದ್ದಕ್ಕೆಂದು 1,100 ಕೊಯ್ಸಿ 1,000 ಬರೆಯುವುದುಂಟು. ಅಕಾಲ ಮಳೆಗೆ ಹಸಿ ಇಟ್ಟಿಗೆ ಕರಗಿದರೆ ನಷ್ಟ ಆಳಿನ ತಲೆಗೆ. ಜ್ವರಕ್ಕೆ ಕೊಟ್ಟ ಮಾತ್ರೆ, ಊರಿಂದ ಕರೆತಂದ ರೈಲು ಖರ್ಚು, ಮೇಸ್ತ್ರಿ ಕಮಿಷನ್ ಎಲ್ಲ ಸಾಲಕ್ಕೆ ಸೇರಿರುತ್ತದೆ. ಫೆಬ್ರವರಿಯಲ್ಲಿ ಬಾಕಿ ಡಿಸೆಂಬರಿಗಿಂತ ಜಾಸ್ತಿಯಾಗಿದ್ದರೆ ಬೇರೆ ಸಾಕ್ಷಿ ಹುಡುಕುವ ಅಗತ್ಯ ನನಗೆ ಕಂಡಿಲ್ಲ.

ಆಳುಗಳು ಒಡಿಶಾದ ಬಲಾಂಗೀರ್ ಕಡೆಯವರಾದರೆ ಒಡಿಯಾ ಬಲ್ಲವರನ್ನು, ಸಾಧ್ಯವಾದಷ್ಟೂ ಹೆಂಗಸರನ್ನು, ನಾವೇ ಕರೆದೊಯ್ಯುತ್ತೇವೆ. ಮೇಸ್ತ್ರಿಯಿಂದ ತರ್ಜುಮೆ ಮಾಡಿಸಿದರೆ ಮೇಸ್ತ್ರಿಯ ಉತ್ತರವೇ ಸಿಗುತ್ತದೆ. 'ನಿಮ್ಮನ್ನು ಕೂಡಿಹಾಕಿದ್ದಾರಾ?' ಎಂದು ಕೇಳಿದರೆ ಇಲ್ಲ ಎನ್ನುತ್ತಾರೆ, ಬೀಗವಂತೂ ಇರುವುದಿಲ್ಲ. 'ನಾಳೆ ಊರಲ್ಲಿ ಸಾವಾದರೆ ಮನೆಯವರೆಲ್ಲ ಹೋಗಬಹುದಾ?' ಎಂದು ಕೇಳಿ. ಆಧಾರ್ ಕಾರ್ಡ್ ತೋರಿಸಿ ಎನ್ನಿ. ಗುಡಿಸಲಿನಿಂದ ಬಂತೋ, ಆಫೀಸಿನ ಡ್ರಾಯರಿನಿಂದ ಬಂತೋ ನೋಡಿ.

ಬ್ರಿಟನ್ನಿನ 2015ರ ಆಧುನಿಕ ಗುಲಾಮಗಿರಿ ಕಾಯ್ದೆಯ 54ನೇ ಕಲಮು ಅಲ್ಲಿ ವ್ಯಾಪಾರ ಮಾಡುವ, ವಾರ್ಷಿಕ ವಹಿವಾಟು 3.6 ಕೋಟಿ ಪೌಂಡ್ ಮುಟ್ಟಿದ ಕಂಪನಿಗಳಿಂದ, ತಮ್ಮ ಪೂರೈಕೆಯಲ್ಲಿ ಗುಲಾಮಗಿರಿ ತಡೆಯಲು ಏನು ಮಾಡಿದಿರಿ ಎಂದು, ಪ್ರತಿ ವರ್ಷ ಹೇಳಿಕೆ ಕೇಳುತ್ತದೆ. ಆ ಹೇಳಿಕೆಗಾಗಿ ನಮ್ಮ ಗಿರಾಕಿಗಳು ಕಳಿಸುವ ಪ್ರಶ್ನಾವಳಿಯಲ್ಲಿ ಪಾಸ್‌ಪೋರ್ಟ್ ಬಗ್ಗೆ ನಾಲ್ಕು ಪ್ರಶ್ನೆ, ಮುಂಗಡದ ಬಗ್ಗೆ ಒಂದೂ ಇಲ್ಲ.

ಗೂಡಿನವರ ಜೊತೆಗಿನ ಕರಾರಿನಲ್ಲಿ ನಾವು ಹಾಕುವ ಷರತ್ತು ಕೆಲವೇ: ಗಂಡ ಹೆಂಡತಿಗೆ ಬೇರೆ ಬೇರೆ ಖಾತೆ, ವಾರಕ್ಕೊಮ್ಮೆ ಬಟವಾಡೆ, ಮುಂಗಡದ ಕಡಿತ ಸೇರಿ ಒಟ್ಟು ಕಡಿತ ಕೂಲಿಯ ಅರ್ಧ ದಾಟಬಾರದು, ಬಿಟ್ಟು ಹೊರಟವರನ್ನು ಬಾಕಿಯ ನೆಪದಲ್ಲಿ ತಡೆಯಬಾರದು. ಇದಕ್ಕೆ ಪ್ರತಿಯಾಗಿ ನಮ್ಮ ಹಣವೂ ಹೊತ್ತಿಗೆ ಸರಿಯಾಗಿ ಹೋಗಬೇಕು. ಬಿಲ್ಡರ್ 90 ದಿನ ಸತಾಯಿಸಿದರೆ ಡೀಲರ್ ಸತಾಯಿಸುತ್ತಾನೆ, ಗೂಡಿನವನು ಬಡ್ಡಿಗೆ ತರುತ್ತಾನೆ, ಆ ಬಡ್ಡಿ ಕೊನೆಗೆ ಕೊಯ್ಯುವವನ ಪುಟಕ್ಕೆ ಇಳಿಯುತ್ತದೆ. ಮೇಲಿನ ಲೆಕ್ಕದ 400 ರೂಪಾಯಿ ಕೊರತೆ ತುಂಬಲು ಇಟ್ಟಿಗೆಗೆ 40 ಪೈಸೆ ಸಾಕು. ಒಂದು ಲಕ್ಷ ಇಟ್ಟಿಗೆಯ ಕಟ್ಟಡಕ್ಕೆ 40,000 ರೂಪಾಯಿ. ಲಾಬಿಯ ಗ್ರಾನೈಟ್ ಬಣ್ಣ ಬದಲಿಸಲು ಇದಕ್ಕಿಂತ ಹೆಚ್ಚು ಹೋಗುತ್ತದೆ.

ರಗಳೆಯೇ ಬೇಡವೆಂದು ಕಾಂಕ್ರೀಟ್ ಬ್ಲಾಕಿಗೆ ಹೊರಳುವವರಿದ್ದಾರೆ. ಆಗ ಪುಸ್ತಕವನ್ನು ಬ್ಲಾಕಿನ ಜಲ್ಲಿ ಬರುವ ಕಲ್ಲು ಕ್ವಾರಿಯಲ್ಲಿ ಕೇಳಬೇಕಾಗುತ್ತದೆ, ಅಷ್ಟೆ.

ಜೀತ ಸಿಕ್ಕೇಬಿಟ್ಟರೆ ಮಾಲೀಕನಿಗೆ ನೋಟಿಸ್ ಕೊಡುವುದು, ಆರ್ಡರ್ ರದ್ದು ಮಾಡುವುದು ಎರಡೂ ತಪ್ಪು. ಸುಳಿವು ಸಿಕ್ಕ ರಾತ್ರಿಯೇ ಆಳುಗಳನ್ನು ಲಾರಿಗೆ ತುಂಬಿ ಸಾಗಿಸುತ್ತಾರೆ. ಪುಸ್ತಕದ ಪುಟಗಳ ಫೋಟೋ ಸಮೇತ ನೇರ ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿಗೆ ಲಿಖಿತ ದೂರು ಕೊಡಬೇಕು, ಮಕ್ಕಳಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಬೇಕು. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಲ್ಲಿ ಇದು ಜೀತದ ಸಾಲವಲ್ಲ ಎಂದು ರುಜುವಾತು ಮಾಡುವ ಹೊಣೆ ಸಾಲ ಕೊಟ್ಟವನದು. ಅಧಿಕಾರಿಗಳು ಬಸ್ ಹತ್ತಿಸಿ ಕಳಿಸಿ ಕೈತೊಳೆದುಕೊಳ್ಳುವ ಅಪಾಯ ಇದ್ದೇ ಇದೆ. ಜೀತದಿಂದ ಬಿಡುಗಡೆಯಾದರೆಂದು ಅಧಿಕಾರಿ ಕೊಡುವ ಬಿಡುಗಡೆ ಪತ್ರ ಒಬ್ಬೊಬ್ಬರ ಹೆಸರಿನಲ್ಲೂ, ಹೆಂಡತಿಯದು ಬೇರೆಯಾಗಿಯೇ, ಕೈಗೆ ಬರುವವರೆಗೆ ಬೆನ್ನು ಬಿಡಬಾರದು. ಪುನರ್ವಸತಿ ಹಣಕ್ಕೆ ಅದೇ ಆಧಾರ: ಗಂಡಸಿಗೆ 1 ಲಕ್ಷ, ಹೆಂಗಸರಿಗೆ, ಮಕ್ಕಳಿಗೆ 2 ಲಕ್ಷ. ಸಾಲ ಕಾನೂನಿನ ಪ್ರಕಾರ ತೀರಿತು ಎಂಬ ಮಾತೂ ಆ ಪತ್ರದಲ್ಲಿರಲಿ. ಅದಿಲ್ಲದೆ ಊರು ಸೇರಿದವರ ಬಾಗಿಲಿಗೆ ಮಳೆ ನಿಂತ ಕೂಡಲೇ ಅದೇ ಮೇಸ್ತ್ರಿ, ಅದೇ ಬಾಕಿ ಹಿಡಿದು ಬರುತ್ತಾನೆ.