ನುಗ್ಗೆಸೊಪ್ಪು ಬಿಡಿಸೋಕೆ ಬೇಜಾರಾದರೆ ಹೀಗೆ ಮಾಡಿ
ನುಗ್ಗೆಸೊಪ್ಪನ್ನು ಕಡ್ಡಿ ಸಮೇತ, ತೊಳೆಯದೆ, ಹತ್ತಿ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ರಾತ್ರಿ ಅಡುಗೆಮನೆಯಲ್ಲೇ ಇಡಿ. ಬೆಳಿಗ್ಗೆ ಗಂಟು ಹಿಡಿದು ನಾಲ್ಕು ಸಲ ಜೋರಾಗಿ ಒದರಿದರೆ ಮುಕ್ಕಾಲು ಪಾಲು ಎಲೆ ತಾನಾಗೇ ಉದುರಿರುತ್ತೆ. ಉಳಿದದ್ದು ಕೈಯಾಡಿಸಿದರೆ ಸಾಕು. ಕಿತ್ತ ಕೊಂಬೆ ಕತ್ತಲಲ್ಲಿ, ಬೆಚ್ಚಗೆ ಇದ್ದಾಗ ಪುಟ್ಟ ಎಲೆಗಳ ಬುಡದ ಗಂಟು ಸಡಿಲಾಗುತ್ತೆ, ಅದಕ್ಕೇ ಉದುರುತ್ತೆ. ಫ್ರಿಜ್ಜಿನಲ್ಲಿಟ್ಟರೆ ತಣ್ಣಗೆ ಈ ಕೆಲಸ ನಿಧಾನವಾಗುತ್ತೆ. ಒದ್ದೆ ಸೊಪ್ಪಾದರೆ ಕಪ್ಪಾಗಿ ಲೋಳೆಯಾಗುತ್ತೆ, ಎರಡು ದಿನ ಮರೆತರೆ ಹಳದಿಯಾಗುತ್ತೆ. ಆದ್ದರಿಂದ ಒಂದೇ ರಾತ್ರಿ ಸಾಕು, ಉದುರಿದ ಮೇಲೆ ತೊಳೆಯಿರಿ. ಎಷ್ಟೋ ಮನೆಗಳ ಹಿತ್ತಲಲ್ಲಿ ಮರ ಇದ್ದರೂ ಕಾಯಿ ಮಾತ್ರ ಸಾಂಬಾರಿಗೆ ಹೋಗುತ್ತೆ, ಸೊಪ್ಪು ಹಾಗೇ ಉಳಿಯುತ್ತೆ. ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಎ ಕೊಡುವ ಇಂಥ ಸೊಪ್ಪು ದುಡ್ಡಿಲ್ಲದೆ ಸಿಗುವಾಗ ಬಿಡೋದು ನನಗಂತೂ ಸಂಕಟ. ಬಸ್ಸಾರು, ಪಲ್ಯ ಮಾಡೋಕೆ ಪುರುಸೊತ್ತಿಲ್ಲದ ದಿನ ಅಕ್ಕಿ ರೊಟ್ಟಿ ಹಿಟ್ಟಿಗೋ ದೋಸೆ ಹಿಟ್ಟಿಗೋ ಒಂದು ಹಿಡಿ ಹಾಕಿ. ಮಕ್ಕಳೂ ತಕರಾರಿಲ್ಲದೆ ತಿಂತಾರೆ. ಬೇಳೆ ಜೊತೆ ಬೇಯಿಸಿದರೆ ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಿ, ನಿಂಬೆಯಲ್ಲಿರುವ ವಿಟಮಿನ್ ಸಿ ಇದ್ದರೆ ಸೊಪ್ಪಿನ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತೆ. ಊಟ ಆದ ತಕ್ಷಣ ಕಾಫಿ, ಟೀ ಕುಡಿದರೆ ಅದೇ ಕಬ್ಬಿಣ ಹೀರಿಕೊಳ್ಳೋದು ಕಡಿಮೆಯಾಗುತ್ತೆ, ಒಂದು ಗಂಟೆ ಬಿಟ್ಟು ಕುಡಿಯಿರಿ. ಬಲಿತ ಸೊಪ್ಪು ಸ್ವಲ್ಪ ಕಹಿ, ಎಳೆ ಚಿಗುರನ್ನೇ ಆರಿಸಿ. ರಕ್ತ ತೆಳುವಾಗಲು ವಾರ್ಫರಿನ್ ಮಾತ್ರೆ ತಗೊಳ್ಳುವವರು ಮಾತ್ರ ಯಾವುದೇ ಹಸಿರು ಸೊಪ್ಪನ್ನು ಇದ್ದಕ್ಕಿದ್ದಂತೆ ಜಾಸ್ತಿ ಮಾಡುವ ಮೊದಲು ಡಾಕ್ಟರನ್ನು ಕೇಳಿ.