ಅರ್ಧ ಎಕರೆ ಸ್ಟ್ರಾಬೆರಿಯ ಲೆಕ್ಕ

ಕೃಷ್ಣಗಿರಿ ಜಿಲ್ಲೆಯ ಡೆಂಕಣಿಕೋಟೆ ತಾಲೂಕಿನಲ್ಲಿ, ಜವಳಗಿರಿ ಕಾಡಿನ ಅಂಚಿಗೆ ನಮ್ಮ ಹೊಲವಿದೆ. ರಾಗಿ, ಅವರೆ, ಎಲೆಕೋಸು ಬೆಳೆಯುತ್ತಿದ್ದ ಆ ಭೂಮಿಯಲ್ಲಿ ಅರ್ಧ ಎಕರೆಯನ್ನು ಕೆಲವು ವರ್ಷಗಳಿಂದ ಸ್ಟ್ರಾಬೆರಿಗೆ ಮೀಸಲಿಟ್ಟಿದ್ದೇನೆ. ತೋಟ ನೋಡಲು ಬರುವ ರೈತರು ಮೊದಲು ಕೇಳುವುದು ಎಕರೆಗೆ ಎಷ್ಟು ಟನ್ ಇಳುವರಿ ಎಂದು. ನನ್ನ ಲೆಕ್ಕಪುಸ್ತಕ ನೋಡಿದರೆ, ಲಾಭವನ್ನು ತೀರ್ಮಾನಿಸುವುದು ಒಟ್ಟು ತೂಕಕ್ಕಿಂತ ಹೆಚ್ಚಾಗಿ ಮೊದಲ ದರ್ಜೆಯ ಹಣ್ಣಿನ ಪಾಲು ಮತ್ತು ಆ ಹಣ್ಣು ಮಂಡಿ ಸೇರುವ ವಾರ.

ಮೊದಲು ಖರ್ಚು. ಅರ್ಧ ಎಕರೆಗೆ ಸುಮಾರು 11,000 ಸಸಿ ಬೇಕು. ಮಹಾಬಲೇಶ್ವರ, ವಾಯಿ ಕಡೆಯ ನರ್ಸರಿಗಳಿಂದ ತರಿಸಿದರೆ ಸಾಗಣೆಯೂ ಸೇರಿ ಸಸಿಯೊಂದಕ್ಕೆ 11 ರೂಪಾಯಿ ಬೀಳುತ್ತದೆ. ಅಲ್ಲಿಗೆ 1,21,000 ರೂಪಾಯಿ. ಕೊಟ್ಟಿಗೆ ಗೊಬ್ಬರ, ಏರುಮಡಿ ಮಾಡಿಸುವ ಟ್ರ್ಯಾಕ್ಟರ್ ಬಾಡಿಗೆ, ಮಡಿಗೆ ಹೊದಿಸುವ ಮಲ್ಚಿಂಗ್ ಶೀಟು ಸೇರಿ 38,000. ಗೊಬ್ಬರ ಮತ್ತು ಔಷಧಿಗೆ 40,000. ನಾಟಿ, ಕಳೆ, ಬಳ್ಳಿ ಕತ್ತರಿಸುವ ಕೂಲಿ 36,000. ಸಣ್ಣ ಮತ್ತು ಅತಿಸಣ್ಣ ರೈತರಿಗೆ ತಮಿಳುನಾಡಿನಲ್ಲಿ ಹನಿ ನೀರಾವರಿಗೆ ಪೂರ್ಣ ಸಬ್ಸಿಡಿ ಇರುವುದರಿಂದ, ಚಿಟ್ಟಾ, ಅಡಂಗಲ್ ಎಂಬ ಜಮೀನಿನ ದಾಖಲೆಗಳನ್ನೂ ಸಣ್ಣ ರೈತರ ಪ್ರಮಾಣಪತ್ರವನ್ನೂ ಕೊಟ್ಟು ಡ್ರಿಪ್ ಹಾಕಿಸಿಕೊಂಡೆ. ಪೈಪು, ಫಿಲ್ಟರುಗಳ ರಿಪೇರಿಗೆ ವರ್ಷಕ್ಕೆ 8,000 ಸಾಕಾಗುತ್ತದೆ. ಹೀಗೆ ಒಂದು ಹಣ್ಣು ಕೀಳುವ ಮೊದಲೇ 2,43,000 ರೂಪಾಯಿ ಮಣ್ಣಿಗೆ ಹೋಗಿರುತ್ತದೆ, ಅದರಲ್ಲಿ ಅರ್ಧ ಸಸಿಯದೇ. ಹಳೆಯ ಗಿಡದ ಬಳ್ಳಿಯಿಂದಲೇ ಸಸಿ ಮಾಡಿಕೊಂಡರೆ ಇಷ್ಟೂ ಉಳಿಯುವುದಿಲ್ಲವೇ ಎಂದು ಹಲವರು ಕೇಳುತ್ತಾರೆ. ನಮ್ಮ ಏಪ್ರಿಲ್, ಮೇ ಬಿಸಿಲಿನಲ್ಲಿ ತಾಯಿಗಿಡಗಳನ್ನು ಕಾಪಾಡುವುದೇ ಕಷ್ಟ. ಉಳಿದ ಗಿಡಗಳ ಜೊತೆ ಬುಡ ಕೊಳೆಯುವ ರೋಗವೂ ಉಳಿದು ಹೊಸ ಮಡಿಗೆ ಬರುತ್ತದೆ. ಸಸಿಯ ಹಣದಲ್ಲಿ ಉಳಿತಾಯ ಮಾಡಬಾರದು ಎಂಬುದೇ ನನ್ನ ಅಭಿಪ್ರಾಯ.

ಸತ್ತ ಸಸಿಗಳನ್ನು ಕಳೆದರೆ ಉಳಿಯುವುದು ಹತ್ತು ಸಾವಿರ ಗಿಡ. ಗಿಡಕ್ಕೆ 300 ಗ್ರಾಂ ಹಿಡಿದರೆ 3,000 ಕಿಲೋ ಆಗುತ್ತದೆ. ಸಾಧಾರಣ ವರ್ಷದಲ್ಲಿ ಅದರಲ್ಲಿ 1,700 ಕಿಲೋ ಮೊದಲ ದರ್ಜೆಯದಾಗಿ ಸರಾಸರಿ 230 ರೂಪಾಯಿಗೆ, 800 ಕಿಲೋ ಎರಡನೇ ದರ್ಜೆಯದಾಗಿ 130ಕ್ಕೆ, ಉಳಿದ 500 ಕಿಲೋ ಜಾಮ್ ಮಾಡುವವರಿಗೆ 50ಕ್ಕೆ ಹೋಗುತ್ತದೆ. ಒಟ್ಟು 5,20,000 ರೂಪಾಯಿ. ಕೀಳುವ ಮತ್ತು ವಿಂಗಡಿಸುವ ಕೂಲಿ 48,000, ಪನ್ನೆಟ್ (ಹಣ್ಣು ತುಂಬುವ ಸಣ್ಣ ಡಬ್ಬಿ) ಮತ್ತು ಬಾಕ್ಸಿಗೆ 55,000, ಬೆಂಗಳೂರಿಗೆ ಸಾಗಣೆ 24,000, ಮಂಡಿ ಕಮಿಷನ್ ನೂರಕ್ಕೆ ಹತ್ತರಂತೆ 49,500 ಕಳೆದು, ಮೊದಲಿನ ಖರ್ಚನ್ನೂ ತೆಗೆದರೆ ಕೈಗೆ ಉಳಿಯುವುದು ಒಂದು ಲಕ್ಷದ ಆಸುಪಾಸು. ನನ್ನ ಮತ್ತು ನನ್ನ ಹೆಂಡತಿಯ ದುಡಿಮೆಗಾಗಲಿ, ಆನೆಗಳು ಇಳಿಯುವ ತಿಂಗಳುಗಳಲ್ಲಿ ರಾತ್ರಿ ಕಾಯುವುದಕ್ಕಾಗಲಿ ಈ ಲೆಕ್ಕದಲ್ಲಿ ಬೆಲೆ ಕಟ್ಟಿಲ್ಲ.

ಈಗ ದರ್ಜೆಯ ಮಾತಿಗೆ ಬರುತ್ತೇನೆ. ಮೊದಲ ದರ್ಜೆಯಿಂದ 500 ಕಿಲೋ ಎರಡನೆಯದಕ್ಕೆ ಜಾರಿದರೆ ಕಿಲೋಗೆ 100 ರೂಪಾಯಿಯಂತೆ 50,000 ಕಡಿಮೆಯಾಗುತ್ತದೆ. ಕಮಿಷನ್ನಿನಲ್ಲಿ ಉಳಿಯುವ 5,000 ಬಿಟ್ಟರೂ, ತೂಕ ಒಂದು ಗ್ರಾಂ ಕೂಡ ಇಳಿಯದೆ ಲಾಭದಲ್ಲಿ ಹೆಚ್ಚುಕಡಿಮೆ ಅರ್ಧ ಹೋಗುತ್ತದೆ. ಈ ಜಾರುವಿಕೆ ಹೆಚ್ಚಾಗಿ ನಡೆಯುವುದು ಕೀಳುವವರ ಬೆರಳ ತುದಿಯಲ್ಲಿ. ಹಣ್ಣಿನ ಮೈ ಹಿಡಿದು ಎಳೆದರೆ ಹೆಬ್ಬೆರಳಿನ ಗುರುತು ಆಗ ಕಾಣಿಸುವುದಿಲ್ಲ, ಸಂಜೆಯ ಹೊತ್ತಿಗೆ ಅಲ್ಲಿ ನೀರೊಡೆದ ಕಪ್ಪು ಕಲೆ ಎದ್ದಿರುತ್ತದೆ. ಆದ್ದರಿಂದ ನಮ್ಮಲ್ಲಿ ಹಣ್ಣನ್ನು ಮುಟ್ಟದೆ, ತೊಟ್ಟನ್ನು ಎರಡು ಬೆರಳುಗಳ ನಡುವೆ ಹಿಡಿದು ಉಗುರಿನಿಂದ ಚಿವುಟಿ, ಮೇಲಿನ ಹಸಿರೆಲೆ ಉದುರದಂತೆ ನೇರವಾಗಿ ಪನ್ನೆಟ್ಟಿಗೇ ಇಡುತ್ತೇವೆ. ಬಿಸಿಲೇರುವ ಮೊದಲೇ ಕೀಳುವುದು ಮುಗಿಯಬೇಕು. ಮಾವು, ಬಾಳೆಗಳಂತೆ ಈ ಹಣ್ಣು ಕಿತ್ತ ಮೇಲೆ ಮಾಗುವುದಿಲ್ಲ, ಬಣ್ಣ ಏರಿದರೂ ಸಿಹಿ ಏರುವುದಿಲ್ಲ. ಬೆಂಗಳೂರಿನ ಮಂಡಿಗೆ ಮುಕ್ಕಾಲು ಕೆಂಪಾದುದನ್ನೂ ಹತ್ತಿರದ ಗಿರಾಕಿಗೆ ಪೂರ್ತಿ ಕೆಂಪಾದುದನ್ನೂ ಕೀಳಿಸುವುದು ಈ ಕಾರಣಕ್ಕೆ.

ವಾರದ ಮಾತು ಇನ್ನೂ ಕಠಿಣವಾದುದು. ದೇಶದ ಸ್ಟ್ರಾಬೆರಿಯಲ್ಲಿ ನೂರಕ್ಕೆ ಸುಮಾರು 85 ಭಾಗ ಮಹಾಬಲೇಶ್ವರ, ಪಂಚಗಣಿ ಭಾಗದ್ದೇ ಆದ್ದರಿಂದ, ಅಲ್ಲಿಯ ಹಣ್ಣು ಹರಿದುಬರುವ ಜನವರಿ, ಫೆಬ್ರವರಿಯಲ್ಲಿ ನಮ್ಮ ಬೆಲೆಯನ್ನು ನಾವು ನಿರ್ಧರಿಸಲು ಸಾಧ್ಯವಿಲ್ಲ. ಬೇಕರಿಗಳು ಹುಡುಕಿಕೊಂಡು ಬರುವ ಕ್ರಿಸ್‌ಮಸ್, ಹೊಸವರ್ಷಕ್ಕೆ ಮುಂಚಿನ ವಾರಗಳೇ ನಮ್ಮ ದುಡಿಮೆಯ ಕಾಲ. ಆದರೆ ಆ ಹಣ್ಣಿನ ಹೂವು ಬಿಡುವ ಹೊತ್ತಿಗೆ ಸರಿಯಾಗಿ ಇಲ್ಲಿ ಈಶಾನ್ಯ ಮಾರುತದ ಮಳೆ ಹಿಡಿದಿರುತ್ತದೆ. ಹೂವಿನಲ್ಲಿ ನೀರು ನಿಂತರೆ ಬೂದು ಬಣ್ಣದ ಬೂಷ್ಟು ಬಂದು ಕಾಯಿಯೇ ಕೊಳೆಯುತ್ತದೆ. ಗಿಡ ಬಲವಾಗಲೆಂದು ಮೊದಲ ಹೂಗಳನ್ನು ಚಿವುಟಬೇಕೆಂಬ ಸಲಹೆ ಸರಿಯಾದರೂ, ನಮಗೆ ಆ ಹೂಗಳೇ ಅತ್ಯಂತ ಬೆಲೆಬಾಳುವ ಹಣ್ಣಾಗುವುದರಿಂದ, ಐದಾರು ಎಲೆಯೂ ಮೂಡದ ಬಡಕಲು ಗಿಡಗಳಲ್ಲಿ ಮಾತ್ರ ಚಿವುಟಿ ಉಳಿದವುಗಳಲ್ಲಿ ಬಿಡುತ್ತೇನೆ. ಒಂದೆರಡು ವಾರ ತಡವಾದ ನಾಟಿ ಎಷ್ಟೇ ಚೆನ್ನಾಗಿ ಬಂದರೂ ಈ ಬೆಲೆಯನ್ನು ತಪ್ಪಿಸಿಕೊಳ್ಳುತ್ತದೆ.

ಬೆಲೆ ಕುಸಿದಾಗ ಎಲ್ಲಿಯವರೆಗೆ ಪನ್ನೆಟ್ ಕಟ್ಟಬೇಕು ಎಂಬುದಕ್ಕೂ ಲೆಕ್ಕವಿದೆ. ಒಟ್ಟು ಖರ್ಚು ಕಿಲೋಗೆ 140 ರೂಪಾಯಿಯಾದರೂ, ಫೆಬ್ರವರಿಯಲ್ಲಿ ನೋಡಬೇಕಾದುದು ಕೀಳುವುದರಿಂದ ಕಮಿಷನ್‌ವರೆಗಿನ 60 ರೂಪಾಯಿಯನ್ನು ಮಾತ್ರ; ಉಳಿದುದು ಆಗಲೇ ಖರ್ಚಾಗಿದೆ. ಪನ್ನೆಟ್ ಮತ್ತು ಕಮಿಷನ್ ಇಲ್ಲದೆ ಜಾಮಿಗೆ 50 ಸಿಗುವಾಗ, ಮಂಡಿಯ ಬೆಲೆ 90ಕ್ಕಿಂತ ಕೆಳಗಿಳಿದರೆ ನಾನು ಎಲ್ಲವನ್ನೂ ಕ್ರೇಟಿಗೆ ತುಂಬಿಸಿ ಜಾಮಿಗೇ ಕಳುಹಿಸುತ್ತೇನೆ. ಬೆಲೆಯಿಲ್ಲವೆಂದು ಹಣ್ಣನ್ನು ಗಿಡದಲ್ಲೇ ಬಿಡುವಂತಿಲ್ಲ. ಕೊಳೆತ ಒಂದು ಹಣ್ಣು ಪಕ್ಕದ ಹೂಗಳಿಗೆಲ್ಲ ಬೂಷ್ಟು ಹಚ್ಚುತ್ತದೆ.

ಹೊಸೂರಿನ ಒಂದೆರಡು ಬೇಕರಿಗಳೊಂದಿಗೆ ಹಂಗಾಮು ಪೂರ್ತಿ ಒಂದೇ ಬೆಲೆಗೆ ಕೊಡುವ ಮಾತು ಮಾಡಿಕೊಂಡಿದ್ದೇನೆ. ಡಿಸೆಂಬರಿನಲ್ಲಿ ಮಂಡಿಗಿಂತ ಕಡಿಮೆ ಸಿಗುತ್ತದೆ, ಫೆಬ್ರವರಿಯಲ್ಲಿ ಹೆಚ್ಚು. ಕಮಿಷನ್ ಇಲ್ಲ, ಸಾಗಣೆಯೂ ಅಷ್ಟಾಗಿ ಇಲ್ಲ. ಈ ಪಾಲನ್ನು ಹೆಚ್ಚಿಸುವ ಯೋಚನೆಯಿದೆ, ಜಮೀನನ್ನು ಹೆಚ್ಚಿಸುವ ಯೋಚನೆಯಿಲ್ಲ. ಊರಿನಲ್ಲಿ ಹಣ್ಣು ಕೀಳುವುದು ಕಲಿತ ಹೆಂಗಸರು ಬೆಳಗಿನ ಆ ಎರಡು ಮೂರು ಗಂಟೆಗಳಲ್ಲಿ ನಿಭಾಯಿಸಬಲ್ಲದ್ದು ಈ ಅರ್ಧ ಎಕರೆಯನ್ನೇ.