ಅಪ್ಪನ ಕುರ್ಚಿ ಎತ್ತಿಟ್ಟ ಮೇಲೆ

ಬಾಲ್ಯದ ನೋವು ಹೊತ್ತು ಬಂದವರಿಗೆ ನಾನು ಥೆರಪಿ ಮಾಡುತ್ತೇನೆ. ಖಾಲಿ ಕುರ್ಚಿಯಲ್ಲಿ ಅಪ್ಪ ಕೂತಿದ್ದಾರೆ ಅಂತ ಊಹಿಸಿಕೊಂಡು ಮಾತಾಡಿ ಅನ್ನೋ ವಿಧಾನ ನನ್ನ ಕೈಯಲ್ಲಿ ನಡೆಯಲಿಲ್ಲ. ದಾವಣಗೆರೆಯಲ್ಲಿ ಎರಡು ವರ್ಷ ಹಟ ಹಿಡಿದು ಮಾಡಿದೆ. ಒಬ್ಬರು, ನಲವತ್ತು ದಾಟಿದವರು, ಆ ಕುರ್ಚಿ ನೋಡಿದ್ದೇ ಕಾಲ ಮೇಲಿನ ಕಾಲು ಇಳಿಸಿ, "ಅಪ್ಪಾಜಿಗೆ ಎದುರು ಮಾತಾಡಿ ಅಂತೀರಾ ಮೇಡಂ?" ಅಂದರು. ಮುಂದಿನ ವಾರ ಬರಲಿಲ್ಲ. ಹೀಗೆ ಏಳೆಂಟು ಜನ ಹೋದರು. ಆಗ ಫೀಸು 800, ರೂಮಿನ ಬಾಡಿಗೆ ಒಂಬತ್ತು ಸಾವಿರದ ಹತ್ತಿರ. ಟ್ರೇನಿಂಗಿಗೆ ಸುರಿದ ಮೂವತ್ತೈದು ಸಾವಿರ ಬೇರೆ.

ಬೈಸಿಕೊಂಡು ಬೆಳೆದವರ ಹತ್ತಿರ ಹಿಡಿಯೋಕೆ ಏನಾದರೂ ಸಿಗುತ್ತೆ. ಇಂಗ್ಲಿಷಿನಲ್ಲಿ 'ಯೂಸ್‌ಲೆಸ್' ಅಂದಾಗ ಅಲುಗಾಡದವರಿಗೆ 'ದಂಡಪಿಂಡ' ಅಂತ ಹೇಳೋವಾಗ ಗಂಟಲು ಕಟ್ಟುತ್ತೆ. ಕಷ್ಟ ಇರೋದು ಯಾರೂ ಗಮನಿಸದೇ ಬೆಳೆದವರದ್ದು. "ನಮ್ಮನೇಲಿ ಏನೂ ಆಗಿಲ್ಲ" ಅಂತಾರೆ. ಬಾಲ್ಯದ ನೋವು ಅಳೆಯೋ ಪ್ರಶ್ನಾವಳಿ ಸಿಟಿಕ್ಯೂನ 28 ಪ್ರಶ್ನೆಗಳಲ್ಲಿ ಮುಚ್ಚಿಡೋದನ್ನು ಹಿಡಿಯೋಕೆ ಅಂತಲೇ ಮೂರು ಇವೆಯಲ್ಲ, ಆ ಮೂರಕ್ಕೂ ಫುಲ್ ಅಂಕ ಬರುತ್ತೆ!

ಅಂಥ ಒಬ್ಬರು ಬಂದರು. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಒಂಬತ್ತು ವರ್ಷದವರಿದ್ದಾಗ ಸ್ಕೂಲಿನಿಂದ ಬರುತ್ತಾ ಬಿದ್ದಿದ್ದರು. ಬಚ್ಚಲಲ್ಲಿ ತಾವೇ ಮಂಡಿ ತೊಳೆದು, ಲಂಗದ ರಕ್ತ ಉಜ್ಜಿ, ಒದ್ದೆ ಲಂಗದಲ್ಲೇ ಊಟಕ್ಕೆ ಕೂತರು. ಬಡಿಸಿದವರು ಕೇಳಲಿಲ್ಲ. ಹಳೇ ನೆನಪನ್ನು ಕಣ್ಮುಂದೆ ತಂದುಕೊಂಡು ಅಲ್ಲಿ ಆಗಿದ್ದನ್ನು ಕಲ್ಪನೆಯಲ್ಲಿ ಬದಲಿಸೋ ಇಮೇಜರಿ ರೀಸ್ಕ್ರಿಪ್ಟಿಂಗ್‌ನಲ್ಲಿ, ಈಗಿನ ನೀವು ಆ ಬಚ್ಚಲಿಗೆ ಹೋಗಿ ಅಂದೆ. ಹೋದವರು ಆ ಹುಡುಗಿಗೆ, "ನೋಡ್ಕೊಂಡು ಓಡೋಕಾಗಲ್ವಾ?" ಅಂದುಬಿಟ್ಟರು. ಸರಿ, ಬಾಲ್ಯದಲ್ಲಿ ಬೇರೂರಿದ ನಂಬಿಕೆಗಳ ಮೇಲೆ ಕೆಲಸ ಮಾಡೋ ಸ್ಕೀಮಾ ಥೆರಪಿಯಲ್ಲಿ ಕಲಿಸಿದ ಹಾಗೆ ನಾನೇ ಆ ನೆನಪಿನ ಒಳಗೆ ಹೋದೆ. "ನಮ್ಮನೆ ಬಚ್ಚಲಿಗೆ ನೀವ್ಯಾಕೆ ಬಂದ್ರಿ ಮೇಡಂ?" ಅಂತ ನಕ್ಕರು.

ಮೂರನೇ ಸಲ ಬೇರೆ ಕೇಳಿದೆ. ಆಗ ನಿಮ್ಮನ್ನು ಗಮನಿಸಿದವರು ಒಬ್ಬರೂ ಇರಲಿಲ್ವಾ? ತುಂಬಾ ಹೊತ್ತಾದ ಮೇಲೆ ಸ್ಕೂಲಿನ ಆಯಾ ನೆನಪಾದರು. ಸೆರಗಿನ ತುದಿ ಒದ್ದೆ ಮಾಡಿ ಮುಖ ಒರೆಸುತ್ತಿದ್ದರಂತೆ. ಆಯಾನನ್ನೇ ಬಚ್ಚಲಿಗೆ ಕರೆಸಿದೆವು. "ಅಯ್ಯೋ ಕಂದಾ, ಎಲ್ಲಿ ಬಿದ್ದೆ?" ಇಷ್ಟೇ ಮಾತು. ಇಪ್ಪತ್ತು ನಿಮಿಷ ಅತ್ತರು. ನಾಲ್ಕೈದು ಸೆಷನ್ ಆದ ಮೇಲೆ ಅವರೇ ಹೋಗಿ ಹುಡುಗಿ ಪಕ್ಕ ಕೂತರು. ಬೈಯಲಿಲ್ಲ.

ಆ ನೆನಪು ಬರಿಸೋಕೆ ಮೊದಲ ಐದು ನಿಮಿಷ ಏನು ಮಾಡುತ್ತೇನೆ ಅನ್ನೋದನ್ನು ಇಲ್ಲಿ ಬರೆಯೋದಿಲ್ಲ, ಎದುರು ಸಿಕ್ಕಾಗ ಕೇಳಿ.

"ಆಯಾ ಯಾವ ಮ್ಯಾನ್ಯುಯಲ್‌ನಲ್ಲಿದ್ದಾಳೆ?" ಅಂತ ಹಂಗಿಸಿದ, ನನ್ನ ಥೆರಪಿ ಕೆಲಸ ನೋಡಿ ತಿದ್ದೋ ಸೂಪರ್ವೈಸರ್ ಈಗ ತಾವೇ ಇಬ್ಬರನ್ನು ಕಳಿಸಿದ್ದಾರೆ. ಇಲ್ಲಿವರೆಗೆ ಹದಿನೈದು ಜನಕ್ಕೆ ಮಾಡಿರಬೇಕು, ಹತ್ತು ಹನ್ನೊಂದು ಜನ ಕೊನೇವರೆಗೂ ಉಳಿದರು. ಫೀಸು 1200 ಮಾಡಿದ್ದೇನೆ, ಯಾರೂ ತಕರಾರು ತೆಗೆದಿಲ್ಲ. ಒಬ್ಬರಿಗೆ ಮನುಷ್ಯರೇ ನೆನಪಾಗಲಿಲ್ಲ, ಬೀದಿ ನಾಯಿ ಬಂತು. ಅರ್ಧ ಕೆಲಸ ಆಯಿತು. ಅಪ್ಪ ಅಮ್ಮನಿಗೆ ಇನ್‌ಲ್ಯಾಂಡ್ ಲೆಟರ್ ಬರೆಸಿಯೂ ನೋಡಿದೆ. ಪೋಸ್ಟ್ ಮಾಡಬೇಡಿ ಅಂದಿದ್ದೆ, ಒಬ್ಬರು ಮಾಡಿಯೇಬಿಟ್ಟರು. ಅವರ ಅಣ್ಣ ಫೋನ್ ಮಾಡಿ ಅರ್ಧ ಗಂಟೆ ಬೈದರು. ಆಮೇಲೆ ಬರೆದದ್ದನ್ನು ನನ್ನ ಡ್ರಾಯರಲ್ಲೇ ಇಟ್ಟುಕೊಳ್ಳುತ್ತೇನೆ.

ಇನ್ನೂ ದಾರಿ ಸಿಗದಿರೋದು ಅಪ್ಪ ಅಮ್ಮನ ಜೊತೆಗೇ ಇರುವವರಿಗೆ. ಆನ್‌ಲೈನ್ ಸೆಷನ್ನಿಗೆ ಕಾರಲ್ಲಿ ಕೂತು ಮಾತಾಡ್ತಾರೆ. ಮುಗಿಸಿ ಕಣ್ಣೊರೆಸಿಕೊಂಡು ಒಳಗೆ ಹೋದರೆ ಅದೇ ಅಮ್ಮ, ಅದೇ ಊಟ.